ಜಿಲೇಬಿ ಹೊರಗಿನ ತಿಂಡಿಯಂತೆ, ಹೌದೇ?

ಮಿಠಾಯಿ ಮನೆಯ ಮಗಳು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸನ್ನು ಕೊರೆಯುತ್ತಿರುವ ಮಾತೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮದು ಚಿಕ್ಕ ಮಿಠಾಯಿ ಅಂಗಡಿ. ಅಪ್ಪ ನಲವತ್ತು ವರ್ಷದಿಂದ ಜಿಲೇಬಿ ಬಿಡುತ್ತಿದ್ದಾರೆ. ಕಳೆದ ವಾರ ಒಂದು ಮದುವೆಮನೆಯಿಂದ ಜಿಲೇಬಿ ಹೇಳಿದ್ದರು. ಹಿಂದಿನ ರಾತ್ರಿಯೇ ಹಿಟ್ಟು ಕಲಸಿಟ್ಟು, ಬೆಳಿಗ್ಗೆ ಅಲ್ಲಿಯೇ ಕಡಾಯಿ ಹೂಡಿ ಬಿಸಿ ಬಿಸಿ ತೆಗೆದುಕೊಟ್ಟರು. ಎರಡನೇ ಪಂಕ್ತಿಯಲ್ಲಿ ಹಿರಿಯರೊಬ್ಬರು ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಇದು ನಮ್ಮ ತಿಂಡಿಯಲ್ಲ, ಹೊರಗಿನಿಂದ ಬಂದದ್ದು. ಶುಭಕಾರ್ಯಕ್ಕೆ ಹೋಳಿಗೆ ಬಡಿಸಬೇಕು" ಎಂದರು. ಹೋಳಿಗೆ ಬೇಕೆಂದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಅಪ್ಪ ತಟ್ಟೆ ಹಿಡಿದುಕೊಂಡು ಅವರ ಎದುರಿಗೇ ನಿಂತಿದ್ದರು.

ರಾತ್ರಿ ಮನೆಗೆ ಬಂದು ಅಂಗಿ ಕಳಚುತ್ತಾ ಕೇಳಿದರು: "ನೀನು ಓದಿದವಳು. ಅವರು ಹೇಳಿದ್ದು ಖರೆಯೇ?" ನನ್ನ ಬಳಿ ಉತ್ತರವಿರಲಿಲ್ಲ. ತಿಳಿದವರು ಹೇಳಿ. ನಿಜ ಏನಿದೆಯೋ ಅದನ್ನೇ ಹೇಳಿ, ಸಮಾಧಾನದ ಮಾತು ಬೇಡ.

ತೊಗರಿ ಹೊಲ (ಸೇಡಂ)

ಸುಳ್ಳು ತಂಗಿ. ಜಿಲೇಬಿ ಸಂಸ್ಕೃತದ "ಜಲವಲ್ಲಿಕಾ". ನೀರಿನಂಥ ಪಾಕ ತುಂಬಿದ ಬಳ್ಳಿ ಎಂದರ್ಥ. ಅಪ್ಪನವರಿಗೆ ಧೈರ್ಯವಾಗಿ ಹೇಳು.

ಪುಸ್ತಕದ ಹುಳು (ಬೀದರ್)

ತೊಗರಿ ಹೊಲ ಅವರೇ, ಅಕ್ಕ ಸಮಾಧಾನದ ಮಾತು ಬೇಡ ಎಂದಿದ್ದಾರೆ. ಆದ್ದರಿಂದ ನೇರವಾಗಿ ಹೇಳುತ್ತೇನೆ. ಹೆಸರು ಅರಬ್ಬಿಯದು. ಅರಬ್ಬಿಯಲ್ಲಿ ಝಲಾಬಿಯಾ, ಪಾರಸಿಯಲ್ಲಿ ಝುಲ್ಬಿಯಾ. ಹತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಎಂಬವನು "ಕಿತಾಬ್ ಅಲ್ ತಬೀಖ್" ಎನ್ನುವ ಅಡುಗೆ ಪುಸ್ತಕ ಬರೆದ. ಖಲೀಫರ ಅಡುಗೆಮನೆಯ ತಿಂಡಿಗಳೆಲ್ಲ ಅದರಲ್ಲಿವೆ. ತೆಳ್ಳಗಿನ ಹಿಟ್ಟನ್ನು ಕಾದ ಎಣ್ಣೆಯಲ್ಲಿ ಜಾಲರಿಯಂತೆ ಬಿಟ್ಟು, ಕರಿದು, ಜೇನಿನಲ್ಲಿ ಅದ್ದುವ ಝಲಾಬಿಯಾ ಕೂಡ ಇದೆ. ಅಂದರೆ ಸಾವಿರ ವರ್ಷಕ್ಕೂ ಹಿಂದಿನ ಮಾತು.

ನಮ್ಮ ದೇಶದ ಬರಹಗಳಲ್ಲಿ ಜಿಲೇಬಿ ಕಾಣಿಸಿಕೊಳ್ಳುವುದು ಅದರ ನಂತರ. ಸುಮಾರು 1450ರಲ್ಲಿ ಜಿನಸೂರ ಎಂಬ ಜೈನ ಕವಿ ಬರೆದ "ಪ್ರಿಯಂಕರನೃಪಕಥಾ"ದಲ್ಲಿ ಶ್ರೀಮಂತ ವ್ಯಾಪಾರಿಯ ಮನೆಯ ಊಟದ ವರ್ಣನೆ ಬರುತ್ತದೆ. ಅದರಲ್ಲಿ ಜಿಲೇಬಿ ಇದೆ. ಇದನ್ನೆಲ್ಲ ಹುಡುಕಿ 1943ರಲ್ಲಿ ಲೇಖನ ಬರೆದವರು ಪುಣೆಯ ಭಂಡಾರಕರ್ ಸಂಸ್ಥೆಯ ವಿದ್ವಾಂಸ ಪಿ. ಕೆ. ಗೋಡೆಯವರು. ನಾನು ಎಲ್ಲಿಂದಲೋ ಕೇಳಿ ಹೇಳುತ್ತಿರುವ ಕಥೆಯಲ್ಲ ಇದು.

ತೊಗರಿ ಹೊಲ (ಸೇಡಂ)

ಅರಬ್ಬರೇ ನಮ್ಮಿಂದ ಜಲವಲ್ಲಿಕಾ ಎಂಬ ಹೆಸರನ್ನು ಒಯ್ದು ಝಲಾಬಿಯಾ ಮಾಡಿಕೊಂಡಿರಬಾರದೇಕೆ?

ಪುಸ್ತಕದ ಹುಳು (ಬೀದರ್)

ಹಾಗಿದ್ದರೆ ಹತ್ತನೇ ಶತಮಾನಕ್ಕಿಂತ ಹಿಂದಿನ ಸಂಸ್ಕೃತ ಗ್ರಂಥದಲ್ಲಿ ಆ ಪದ ಇರಬೇಕಲ್ಲ, ತೋರಿಸಿ. ಇನ್ನೊಂದು ವಿಷಯ. "ಝ" ಎನ್ನುವ ಆ ಪಾರಸಿ ಉಚ್ಚಾರ ನಮ್ಮ ನಾಲಿಗೆಗೆ ಬಂದಾಗಲೆಲ್ಲ "ಜ" ಆಗುತ್ತದೆ. ಝಮೀನ್ ಜಮೀನು ಆಯಿತು, ಬಾಝಾರ್ ಬಜಾರ ಆಯಿತು, ಝಿಲಾ ಜಿಲ್ಲೆ ಆಯಿತು. ಝಲಾಬಿಯಾ ಜಿಲೇಬಿಯಾದದ್ದೂ ಇದೇ ದಾರಿಯಲ್ಲಿ. "ಜಲ" ಇದ್ದದ್ದು ಅರಬ್ಬರಲ್ಲಿ "ಝಲ" ಆಗಬೇಕಾಗಿರಲಿಲ್ಲ, ಅವರ ಭಾಷೆಯಲ್ಲಿ "ಜ" ಚೆನ್ನಾಗಿಯೇ ಇದೆ.

ಭೀಮಾ ದಂಡೆ (ಯಾದಗಿರಿ)

ಹಾಗಾದರೆ ಲೆಕ್ಕ ಸರಿಹೋಯಿತು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಿತು. ಇರಾನಿನಿಂದ, ಅರಬ್ ದೇಶಗಳಿಂದ ಹಡಗು ಹಡಗು ಜನ ಬಂದರು. ಆಮೇಲೆ ರಾಜಧಾನಿ ಬೀದರ್‌ಗೆ ಹೋಯಿತು, ಅಲ್ಲಿಗೂ ಅವರೇ. ಮಹಮೂದ್ ಗವಾನ್ ಇರಾನಿನ ಗಿಲಾನಿನವನು. ಅವನ ಮದರಸಾ ಇವತ್ತಿಗೂ ಬೀದರಿನಲ್ಲಿ ನಿಂತಿದೆ. ಈ ಜನರ ಜೊತೆಗೇ ಜಿಲೇಬಿಯೂ ಬಂತು, ಮೊದಲು ಇಳಿದದ್ದು ನಮ್ಮ ಕೋಟೆಯಲ್ಲಿಯೇ! ದೆಹಲಿಯವರು ನಮ್ಮಿಂದ ಕಲಿತರು.

ಪುಸ್ತಕದ ಹುಳು (ಬೀದರ್)

ಭೀಮಾ ದಂಡೆಯವರೇ, ನಾನೂ ಬೀದರಿನವನೇ. ಗವಾನನ ಮದರಸಾದ ನೀಲಿ ಹೆಂಚಿನ ಕೆಳಗೆ ಆಡಿ ಬೆಳೆದವನು. ಹೀಗಿದ್ದರೆ ನನಗಿಂತ ಹೆಚ್ಚು ಹಿಗ್ಗುವವರು ಯಾರೂ ಇಲ್ಲ. ಆದರೆ ಬಹಮನಿಗಳ ಕಾಲದ ಯಾವ ಬರಹದಲ್ಲಿ ಕಲಬುರಗಿಯ ಜಿಲೇಬಿ ಇದೆ ಎಂದು ತೋರಿಸದೆ "ಮೊದಲು ಇಲ್ಲಿಯೇ" ಎನ್ನುವುದು ಜಲವಲ್ಲಿಕಾ ಎಂದಷ್ಟೇ ಸುಲಭದ ಮಾತು. ಜನ ಬಂದರು ಎಂಬುದು ನಿಜ. ಅಷ್ಟಕ್ಕೆ ನಿಲ್ಲಿಸೋಣ.

ಸುರಪುರದ ಸೊಸೆ

ನೀವೆಲ್ಲ ಶತಮಾನ ಎಣಿಸುತ್ತಾ ಕುಳಿತಿದ್ದೀರಿ, ಆ ಹಿರಿಯರು ಆಡಿದ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಕೊಡುತ್ತೇನೆ.

ಆ ಮದುವೆಯಲ್ಲಿ ಮಿರ್ಚಿ ಭಜಿ ಇತ್ತೇ ಅಕ್ಕಾ? ನಮ್ಮ ಕಡೆಯ ಮದುವೆ ಎಂದ ಮೇಲೆ ಇದ್ದೇ ಇರುತ್ತದೆ. ಆ ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. 1498ರಲ್ಲಿ ವಾಸ್ಕೋ ಡ ಗಾಮ ಬರುವ ಮೊದಲು ನಮ್ಮ ದೇಶದಲ್ಲಿ ಯಾರೂ ಅದನ್ನು ಕಂಡಿರಲಿಲ್ಲ, ಪೋರ್ಚುಗೀಸರು ತಂದದ್ದು. ಅಲ್ಲಿಯವರೆಗೆ ಖಾರಕ್ಕೆ ಕರಿಮೆಣಸೇ ಗತಿ. ಶೇಂಗಾ ಹೋಳಿಗೆ, ಶೇಂಗಾ ಚಟ್ನಿ ಪುಡಿ ಎಂದು ಪ್ರಾಣ ಬಿಡುತ್ತೇವಲ್ಲ, ಆ ಶೇಂಗಾ ದಕ್ಷಿಣ ಅಮೆರಿಕದ್ದು. ಅದೂ ಅವರದೇ ಹಡಗಿನ ಕಾಲದಲ್ಲಿ ಬಂದದ್ದು. ಜಿಲೇಬಿಗೆ ಕೈ ಅಡ್ಡ ಹಿಡಿದ ಹಿರಿಯರು ಶೇಂಗಾ ಹಿಂಡಿಗೆ ಎಂದಾದರೂ ಕೈ ಅಡ್ಡ ಹಿಡಿದಿದ್ದಾರೆಯೇ?

ತೊಗರಿ ಹೊಲ (ಸೇಡಂ)

ಜೋಳದ ರೊಟ್ಟಿಯನ್ನಾದರೂ ಬಿಡಿ ಅಕ್ಕಾರೆ.

ಸುರಪುರದ ಸೊಸೆ

ಬಿಡುವುದಿಲ್ಲ! ಜೋಳವೂ ಆಫ್ರಿಕದ ಬೆಳೆ. ಸಾವಿರಾರು ವರ್ಷಗಳ ಹಿಂದೆ ಬಂದದ್ದರಿಂದ ಮರೆತಿದ್ದೇವೆ, ಅಷ್ಟೇ. ನಿಮ್ಮ ತೊಗರಿ ಮಾತ್ರ ಈ ನೆಲದ್ದೇ. ಅದು ಇಲ್ಲಿಂದಲೇ ಆಫ್ರಿಕಕ್ಕೂ ಆಚೆಯ ದ್ವೀಪಗಳಿಗೂ ಹೋಯಿತು. ಅಲ್ಲಿಯವರು ತೊಗರಿ ಉಣ್ಣುವಾಗ "ಇದು ಹೊರಗಿನದು" ಎಂದು ಎಲೆ ಮುಚ್ಚಿದರೆ ನಿಮಗೆ ಹೇಗೆನಿಸುತ್ತದೆ?

ತೊಗರಿ ಹೊಲ (ಸೇಡಂ)

ಬೇಸರವೇ ಆಗುತ್ತದೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕ ದಿನ ನಮ್ಮ ಮನೆಯಲ್ಲಿ ಹಬ್ಬದ ಅಡುಗೆ ಮಾಡಿದ್ದೆವು.

ಕಲ್ಯಾಣದವನು (ಬಸವಕಲ್ಯಾಣ)

ಹೊರಗಿನಿಂದ ಬಂದದ್ದನ್ನೇ ಪಟ್ಟಿ ಮಾಡುತ್ತಿದ್ದೀರಿ. ನಮ್ಮ ಊರಿನ ಕಡೆ ಸ್ವಲ್ಪ ನೋಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಆರನೇ ವಿಕ್ರಮಾದಿತ್ಯನ ಮಗ, ಹನ್ನೆರಡನೇ ಶತಮಾನದಲ್ಲಿ ಇಲ್ಲಿಯೇ ಕುಳಿತು "ಮಾನಸೋಲ್ಲಾಸ" ಬರೆಸಿದ. ಆನೆ ಹಿಡಿಯುವುದರಿಂದ ಹಿಡಿದು ಅಡುಗೆಯವರೆಗೆ ನೂರು ಅಧ್ಯಾಯ. ಅದರಲ್ಲಿ "ಅನ್ನಭೋಗ" ಎಂಬ ಭಾಗವೇ ಇದೆ. ಮಂಡಿಗೆ, ಪೂರಿ, ಹೋಳಿಗೆ, ಉದ್ದಿನ ವಡೆ ಎಲ್ಲ ಸಿಗುತ್ತವೆ. ಕ್ಷೀರಪ್ರಕಾರ ಎಂಬ ಸಿಹಿಯನ್ನು ಕೇಳಿ: ಕಾದ ಹಾಲಿಗೆ ಮಜ್ಜಿಗೆ ಹಾಕಿ ಒಡೆಸಬೇಕು, ಬಟ್ಟೆಯಲ್ಲಿ ಸೋಸಿ ನೀರು ತೆಗೆಯಬೇಕು, ಅಕ್ಕಿ ಹಿಟ್ಟು ಸೇರಿಸಿ ನಾದಬೇಕು, ಉಂಡೆ ಕಟ್ಟಿ ತುಪ್ಪದಲ್ಲಿ ಕರಿದು ಸಕ್ಕರೆಗೆ ಹಾಕಬೇಕು.

ಇದನ್ನು ಓದಿದ ಕೂಡಲೇ ನಿಮಗೆ ಏನು ನೆನಪಾಯಿತು? ಗುಲಾಬ್ ಜಾಮೂನು! ಅದು ಹುಟ್ಟಿದ್ದು ಬೀದರ್ ಜಿಲ್ಲೆಯಲ್ಲಿ.

ಪುಸ್ತಕದ ಹುಳು (ಬೀದರ್)

ಅಣ್ಣಾ, ಅರ್ಧಕ್ಕೆ ನಿಮ್ಮ ಜೊತೆಗಿದ್ದೇನೆ, ಇನ್ನರ್ಧಕ್ಕೆ ಇಲ್ಲ. ಜಾಮೂನಿಗೆ ಬೇಕಾದದ್ದು ಖೋವಾ. ಹಾಲನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ್ದು, ಒಡೆಸಿದ್ದಲ್ಲ. ಕ್ಷೀರಪ್ರಕಾರ ಮಾಡುವುದು ಒಡೆದ ಹಾಲಿನಿಂದ. ಅದು ರಸಗುಲ್ಲದ ವಂಶಕ್ಕೆ ಹತ್ತಿರ. "ಗುಲಾಬ್" ಎಂಬುದು ಪಾರಸಿಯ ಗುಲ್ ಮತ್ತು ಆಬ್, ಹೂವು ಮತ್ತು ನೀರು, ಅಂದರೆ ಪನ್ನೀರು. ಜಾಮೂನು ನಮ್ಮ ನೇರಳೆ ಹಣ್ಣಿನ ಹಿಂದಿ ಹೆಸರು. ಹೆಸರಿನಲ್ಲೇ ಅರ್ಧ ಅವರದು, ಅರ್ಧ ನಮ್ಮದು.

ಆದರೆ ನೀವು ಹೇಳಿದ್ದರಲ್ಲಿ ದೊಡ್ಡ ವಿಷಯ ಇನ್ನೊಂದಿದೆ. ಹಾಲು ಒಡೆಸಿ ಸಿಹಿ ಮಾಡುವುದನ್ನು ಬಂಗಾಳದಲ್ಲಿ ಪೋರ್ಚುಗೀಸರು ಕಲಿಸಿದರು ಎಂದು ಬಹಳ ಜನ ಬರೆಯುತ್ತಾರೆ. ಅವರ ಹಡಗು ಬರುವುದಕ್ಕೆ ಮುನ್ನೂರೈವತ್ತು ವರ್ಷಕ್ಕೂ ಮೊದಲೇ ಕಲ್ಯಾಣದ ಅರಮನೆಯಲ್ಲಿ ಅದನ್ನು ಮಾಡುತ್ತಿದ್ದರು. ಇದನ್ನು ಜೋರಾಗಿ ಹೇಳಿ, ನಾನೂ ದನಿಗೂಡಿಸುತ್ತೇನೆ.

ನಿವೃತ್ತ ಮಾಸ್ತರ (ಆಳಂದ)

ಸೆಪ್ಟೆಂಬರ್ 17 ಬಂತೆಂದರೆ ನಮ್ಮ ಶಾಲೆಯಲ್ಲಿ ಧ್ವಜ ಹಾರಿಸಿದ ಮೇಲೆ ಮಕ್ಕಳಿಗೆ ಜಿಲೇಬಿ ಹಂಚುತ್ತಿದ್ದೆವು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ ಅದು. ದಿನಪತ್ರಿಕೆಯ ತುಂಡಿನಲ್ಲಿ ಎರಡೆರಡು ಜಿಲೇಬಿ. ಪಾಕ ಕಾಗದಕ್ಕೆ ಇಳಿದು ಅಕ್ಷರಗಳು ಜಿಲೇಬಿಯ ಬೆನ್ನಿಗೆ ಅಂಟಿಕೊಳ್ಳುತ್ತಿದ್ದವು. ಒಂದನ್ನು ತಿಂದು ಇನ್ನೊಂದನ್ನು ತಮ್ಮನಿಗೋ ತಂಗಿಗೋ ಎಂದು ಜೇಬಿಗೆ ಹಾಕಿಕೊಂಡು ಓಡುವ ಮಕ್ಕಳನ್ನು ಮೂವತ್ತು ವರ್ಷ ಕಂಡಿದ್ದೇನೆ. ಮಗಳೇ, ಆ ಮಕ್ಕಳ ಹಬ್ಬ ನಿನ್ನ ಅಪ್ಪನಂಥವರ ಕೈಯಲ್ಲಿತ್ತು. ಅವರಿಗೆ ನನ್ನ ನಮಸ್ಕಾರ ತಿಳಿಸು.

ಅಡುಗೆ ಕಲಿಯುತ್ತಿರುವವಳು (ಶಹಾಪುರ)

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಮಿಠಾಯಿ ಮನೆಯವರು ಸಿಕ್ಕಿದ್ದಾರೆ ಎಂದು ಕೇಳುತ್ತಿದ್ದೇನೆ. ನಾನು ಮಾಡಿದ ಜಿಲೇಬಿ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಯಾಕೆ?

ಮಿಠಾಯಿ ಮನೆಯ ಮಗಳು (ಕಲಬುರಗಿ)

ಹಿಟ್ಟಿಗೆ ಸೋಡಾ ಹಾಕಿ ಕೂಡಲೇ ಬಿಡುತ್ತೀರಾ? ಹಾಗಾದರೆ ಅದೇ ಕಾರಣ ಇರಬೇಕು. ಅಪ್ಪ ಹೇಳುವ ಪ್ರಕಾರ ಜಿಲೇಬಿಯ ಜೀವ ಇರುವುದು ಹುಳಿಯಲ್ಲಿ. ಮೈದಾಕ್ಕೆ ಹುಳಿ ಮೊಸರು ಹಾಕಿ ಕಲಸಿ ಒಂದು ರಾತ್ರಿ ಬಿಟ್ಟರೆ ಅದರೊಳಗೆ ಗಾಳಿಗುಳ್ಳೆ ತುಂಬುತ್ತದೆ. ಎಣ್ಣೆಗೆ ಬಿದ್ದಾಗ ಒಳಗಿನ ನೀರು ಹಬೆಯಾಗಿ ಹೊರಗೆ ಹಾರಿ ಎಳೆ ಕೊಳವೆಯಂತೆ ಟೊಳ್ಳಾಗುತ್ತದೆ. ಪಾಕಕ್ಕೆ ಹಾಕಿದಾಗ ಉಳಿದ ಹಬೆ ತಣಿದು ಕುಗ್ಗಿ, ಆ ಜಾಗಕ್ಕೆ ಪಾಕವನ್ನು ಎಳೆದುಕೊಳ್ಳುತ್ತದೆ. ಮೇಲೆ ಗರಿ, ಒಳಗೆ ರಸ ಆಗುವುದು ಹಾಗೆ.

ಪಾಕ ಒಂದೆಳೆಗೆ ಬಂದಿರಬೇಕು, ಬಿಸಿಯಿರಬೇಕು, ಕುದಿಯುತ್ತಿರಬಾರದು. ಅರ್ಧ ಹೋಳು ನಿಂಬೆ ಹಿಂಡಿದರೆ ಸಕ್ಕರೆ ಮತ್ತೆ ಹರಳುಗಟ್ಟುವುದಿಲ್ಲ. ಜಿಲೇಬಿಯನ್ನು ಅರ್ಧ ನಿಮಿಷಕ್ಕಿಂತ ಹೆಚ್ಚು ಮುಳುಗಿಸಿಡಬೇಡಿ.

ನಮ್ಮ ಅಪ್ಪ ಬಳಸುವುದು ದಪ್ಪ ಬಟ್ಟೆ. ಅದರ ನಡುವೆ ಕಡಲೆಕಾಳಿಗಿಂತ ಚಿಕ್ಕ ತೂತು. ಅಂಗಿಯ ಗುಂಡಿಗೆ ಕಾಜಾ ಹೊಲಿಯುವಂತೆ ಆ ತೂತಿನ ಸುತ್ತ ಅವ್ವ ದಾರದಿಂದ ಹೊಲಿದುಕೊಟ್ಟಿದ್ದಾಳೆ, ಬಟ್ಟೆ ಪಿಸಿಯಬಾರದೆಂದು. ಹಿಟ್ಟು ತುಂಬಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಮೂರು ಸುತ್ತು ಬಿಡುತ್ತಾರೆ. ಕೊನೆಯ ಎಳೆಯನ್ನು ಸುತ್ತುಗಳ ಮೇಲೆ ಅಡ್ಡ ಹಾಯಿಸಿ ಕೈ ಮೇಲೆತ್ತುತ್ತಾರೆ. ಆ ಅಡ್ಡ ಎಳೆ ಇಲ್ಲದಿದ್ದರೆ ತಿರುವಿ ಹಾಕುವಾಗ ಸುತ್ತುಗಳು ಬಿಚ್ಚಿಕೊಳ್ಳುತ್ತವೆ. ಮೇ ತಿಂಗಳ ನಮ್ಮೂರಿನ ಸೆಖೆಯಲ್ಲಿ ನಾಲ್ಕೈದು ತಾಸಿಗೇ ಹಿಟ್ಟು ಹುಳಿಯಾಗಿಬಿಡುತ್ತದೆ. ಡಿಸೆಂಬರಿನಲ್ಲಿ ಪಾತ್ರೆಗೆ ಗೋಣಿಚೀಲ ಸುತ್ತಿ ಒಲೆಯ ಪಕ್ಕ ಇಡುತ್ತಾರೆ. ಬೆಳಿಗ್ಗೆ ಎದ್ದು ಮೊದಲು ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ. ಚಹಾ ಆಮೇಲೆ.

ಅಡುಗೆ ಕಲಿಯುತ್ತಿರುವವಳು (ಶಹಾಪುರ)

ಸೋಡಾವನ್ನೇ ಹಾಕುತ್ತಿದ್ದೆ ಅಕ್ಕಾ. ಇವತ್ತು ರಾತ್ರಿಯೇ ಮೊಸರು ಹಾಕಿ ಕಲಸಿಡುತ್ತೇನೆ.

ವೈದ್ಯೆ (ಹುಮನಾಬಾದ್)

ನಿಮ್ಮ ಅಪ್ಪನವರ ಕ್ರಮ ಓದಿ ನನಗೆ ಮೈ ಜುಮ್ಮೆಂದಿತು. ಆಯುರ್ವೇದ ಓದುವವರೆಲ್ಲರೂ ನೋಡುವ "ಭಾವಪ್ರಕಾಶ" ಎಂಬ ಗ್ರಂಥವಿದೆ, ಹದಿನಾರನೇ ಶತಮಾನದಲ್ಲಿ ಭಾವಮಿಶ್ರ ಬರೆದದ್ದು. ಅದರಲ್ಲಿ ಬೇಯಿಸಿದ ಆಹಾರಗಳ ಭಾಗದಲ್ಲಿ "ಕುಂಡಲಿನಿ" ಎಂಬ ಸಿಹಿ ಬರುತ್ತದೆ. ಶ್ಲೋಕದ ಅರ್ಥ ಹೇಳುತ್ತೇನೆ, ನೀವೇ ನೋಡಿ.

ಹೊಸ ಗಡಿಗೆ ತಂದು ಅದರ ಒಳಮೈಗೆ ಅರ್ಧ ಪ್ರಸ್ಥ (ಪ್ರಸ್ಥ ಎಂದರೆ ಹಿಂದಿನ ಕಾಲದ ಒಂದು ಅಳತೆ) ಹುಳಿ ಮೊಸರು ಸವರಬೇಕು. ಎರಡು ಪ್ರಸ್ಥ ಗೋಧಿಯ ನಯವಾದ ಹಿಟ್ಟು, ಒಂದು ಪ್ರಸ್ಥ ಹುಳಿ ಮೊಸರು, ಸ್ವಲ್ಪ ತುಪ್ಪ ಕಲಸಿ ಆ ಗಡಿಗೆಗೆ ಹಾಕಬೇಕು. ಹುಳಿ ಬರುವವರೆಗೆ ಬಿಸಿಲಿನಲ್ಲಿ ಇಡಬೇಕು. ಆಮೇಲೆ ತೂತಿರುವ ಪಾತ್ರೆಗೆ ಹಾಕಿ, ಕಾದ ತುಪ್ಪದ ಮೇಲೆ ಸುತ್ತುಸುತ್ತಾಗಿ ತಿರುಗಿಸುತ್ತಾ ಬಿಡಬೇಕು. ಬೆಂದ ಮೇಲೆ ಕರ್ಪೂರದ ಪರಿಮಳದ ಸಕ್ಕರೆ ಪಾಕದಲ್ಲಿ ಮುಳುಗಿಸಬೇಕು.

ಇದು ಜಿಲೇಬಿಯಲ್ಲದೆ ಮತ್ತೇನು? ಎಲ್ಲಿಂದಲೇ ಬಂದಿರಲಿ, ಹದಿನಾರನೇ ಶತಮಾನದ ಹೊತ್ತಿಗೆ ನಮ್ಮ ವೈದ್ಯರು ಅದಕ್ಕೆ ಕುಂಡಲದ ಹೆಸರಿಟ್ಟು, ಅಳತೆ ಕಟ್ಟಿ, ಪುಷ್ಟಿ ಕೊಡುತ್ತದೆ ಎಂದು ಗುಣವನ್ನೂ ಬರೆದಿಟ್ಟಿದ್ದರು. ಸಂಸ್ಕೃತದ ವೈದ್ಯಗ್ರಂಥದಲ್ಲಿ ಜಾಗ ಪಡೆದ ಮೇಲೆ ಮದುವೆಯ ಪಂಕ್ತಿಯಲ್ಲಿ ಜಾಗ ಇಲ್ಲ ಎನ್ನುವುದು ಅನ್ಯಾಯ.

ತೊಗರಿ ಹೊಲ (ಸೇಡಂ)

ಜಲವಲ್ಲಿಕಾ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಕುಂಡಲಿನಿ ಒಳ್ಳೆಯ ಹೆಸರು. ಆದರೆ ಮಾಲ್ಪುರಿ ವಿಷಯದಲ್ಲಿ ನಾನು ಸೋಲುವುದಿಲ್ಲ. ಋಗ್ವೇದದಲ್ಲಿಯೇ "ಅಪೂಪ" ಇದೆ, ಹಿಟ್ಟಿನ ಸಿಹಿ ಕಡುಬಿನಂಥದ್ದು. ಉತ್ತರದವರ ಮಾಲ್ಪುವಾದ ಆ "ಪುವಾ" ಇದೇ ಅಪೂಪ. ಕಲಬುರಗಿ ಮಾಲ್ಪುರಿ ಅದೇ ಮನೆತನದ್ದು.

ಅಪ್ಪನ ಕೆರೆ (ಕಲಬುರಗಿ)

ಮಾಲ್ಪುರಿಗೆ ಬೇರೆ ಚರ್ಚೆ ತೆರೆಯಿರಿ ದಯವಿಟ್ಟು. ಅದನ್ನು ಶುರು ಮಾಡಿದರೆ ಮೊಹರಂ ಬಂದರೂ ಮುಗಿಯುವುದಿಲ್ಲ.

ಗಡಿ ದಾಟಿದವನು (ಈಗ ದುಬೈ, ಊರು ಚಿತ್ತಾಪುರ)

ಇಲ್ಲಿ ಇರಾನಿಯವರ ಅಂಗಡಿಗಳಿವೆ. ರಂಜಾನಿನಲ್ಲಿ ಸಂಜೆ ಉಪವಾಸ ಬಿಡುವ ಹೊತ್ತಿಗೆ ಝುಲ್ಬಿಯಾ ಮತ್ತು ಬಾಮಿಯೆ ಎಂಬ ಎರಡು ಸಿಹಿಗಳನ್ನು ಒಂದೇ ತಟ್ಟೆಯಲ್ಲಿ ಗೋಪುರದಂತೆ ಜೋಡಿಸಿಡುತ್ತಾರೆ. ಮೊದಲ ಸಲ ನೋಡಿದಾಗ "ಜಿಲೇಬಿ!" ಎಂದು ಕೂಗಿದೆ. ಅಂಗಡಿಯವರು "ಝುಲ್ಬಿಯಾ" ಎಂದು ತಿದ್ದಿದರು. ಬಾಯಿಗಿಟ್ಟರೆ ಕೇಸರಿ, ಪನ್ನೀರಿನ ಪರಿಮಳ. ನಮ್ಮ ಜಿಲೇಬಿಗಿರುವ ಆ ಹುಳಿ ಮಾತ್ರ ಸಿಗಲಿಲ್ಲ. ಊರಿನಲ್ಲಿ ಬಂದೇ ನವಾಜರ ಉರುಸಿಗೂ ಶರಣಬಸವೇಶ್ವರರ ಜಾತ್ರೆಗೂ ಅವ್ವ ಜಿಲೇಬಿ ಕಟ್ಟಿಸಿಕೊಂಡು ಬರುತ್ತಿದ್ದಳು. ಎರಡೂ ಕಡೆಯ ಪೊಟ್ಟಣ ಬಿಚ್ಚಿದರೆ ಒಂದೇ ವಾಸನೆ. ಅದು ನೆನಪಾಗಿ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ.

ಬಿದರಿ ಮಣ್ಣು (ಬೀದರ್)

ಗಡಿ ದಾಟಿದವರು ಹೇಳಿದ ಆ ಹುಳಿ ಇದೆಯಲ್ಲ, ಅದೇ ನನ್ನ ಉತ್ತರವೂ ಹೌದು. ನಮ್ಮ ಮನೆ ಬಿದರಿ ಕೆಲಸದ ಮನೆ. ಲೋಹದಲ್ಲಿ ಬೆಳ್ಳಿ ಕೂರಿಸುವ ಕಸುಬನ್ನು ಇರಾನಿನ ಕಡೆಯಿಂದ ಬಂದವರು ತಂದರು ಎಂದೇ ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಸತು, ತಾಮ್ರ ಕೂಡಿಸಿ ಎರಕ ಹೊಯ್ದ ಆ ಹೂಜಿಗೆ ಕಪ್ಪು ಬಣ್ಣ ಬರಬೇಕೆಂದರೆ ಬೀದರ್ ಕೋಟೆಯ ಮಣ್ಣೇ ಬೇಕು. ನವಸಾಗರ ಎಂಬ ಉಪ್ಪಿನ ಜೊತೆ ಆ ಮಣ್ಣನ್ನು ಕಲಸಿ ಬಿಸಿ ಮಾಡಿ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ರುಚಿ ನೋಡಿಯೇ ಆರಿಸುವುದು, ನಿಮ್ಮ ಅಪ್ಪ ಹಿಟ್ಟು ಮೂಸಿ ನೋಡುವ ಹಾಗೆ. ಅದನ್ನು ಈಗ ಜಗತ್ತು ಕರೆಯುವುದು ಬೀದರಿನ ಹೆಸರಿನಿಂದ.

ಕಬ್ಬಿನ ಗದ್ದೆ (ಭಾಲ್ಕಿ)

ಪಾಕದ ಬಗ್ಗೆ ಯಾರೂ ಮಾತನಾಡಲಿಲ್ಲ! ಹಿಟ್ಟು ಎಲ್ಲಿಂದಲೇ ಬರಲಿ, ಸಕ್ಕರೆ ನಮ್ಮದು. ಅಲೆಗ್ಸಾಂಡರನ ಸೇನಾಪತಿ ನಿಯಾರ್ಕಸ್ ಇಲ್ಲಿ ಕಬ್ಬನ್ನು ಕಂಡು, ಜೇನುಹುಳುವಿಲ್ಲದೆ ಜೇನು ಕೊಡುವ ಜೊಂಡು ಎಂದು ವರದಿ ಮಾಡಿದ. ಕಬ್ಬಿನ ಹಾಲನ್ನು ಕಾಸಿ ಹರಳು ಮಾಡುವ ವಿದ್ಯೆ ಇಲ್ಲಿಂದ ಪರ್ಶಿಯಕ್ಕೆ ಹೋಯಿತು. ಚೀನಾದ ತಾಂಗ್ ಚಕ್ರವರ್ತಿ 647ರಲ್ಲಿ ಮಗಧಕ್ಕೆ ಜನರನ್ನು ಕಳುಹಿಸಿ ಸಕ್ಕರೆ ಮಾಡುವುದನ್ನು ಕಲಿಸಿಕೊಂಡ. ನಮ್ಮ ಶರ್ಕರಾ ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಇಂಗ್ಲಿಷಿನಲ್ಲಿ ಶುಗರ್. ನಮ್ಮ ಖಂಡ ಅವರಲ್ಲಿ ಕಂದ್, ಇಂಗ್ಲಿಷಿನಲ್ಲಿ ಕ್ಯಾಂಡಿ. ಬಾಗ್ದಾದಿನ ಮಿಠಾಯಿಗಾರನಿಗೆ ಸಕ್ಕರೆ ಎಂಬ ಪದ ಕೊಟ್ಟವರು ನಾವು, ನಮಗೆ ಜಿಲೇಬಿ ಎಂಬ ಪದ ಕೊಟ್ಟವರು ಅವರು. ಗಾಣದ ಮುಂದೆ ಬೆಳೆದವನಾಗಿ ನನಗೆ ಇದು ಕಡಿಮೆ ಹೆಮ್ಮೆಯಲ್ಲ.

ಪುಸ್ತಕದ ಹುಳು (ಬೀದರ್)

ಇದು ನನಗೆ ಹೊಳೆದಿರಲಿಲ್ಲ. ಬಹಳ ಸರಿಯಾದ ಮಾತು ಕಬ್ಬಿನ ಗದ್ದೆಯವರೇ.

ಮಿಠಾಯಿ ಮನೆಯ ಮಗಳು (ಕಲಬುರಗಿ)

ಅಂಗಡಿ ಮುಚ್ಚಿದ ಮೇಲೆ ಅಪ್ಪನನ್ನು ಕೂರಿಸಿಕೊಂಡು ಮೊದಲಿನಿಂದ ಎಲ್ಲವನ್ನೂ ಓದಿ ಹೇಳಿದೆ. ಬಾಗ್ದಾದಿನ ಮಾತು ಬಂದಾಗ ತಲೆ ತಗ್ಗಿಸಿಕೊಂಡು ಕೇಳಿದರು. ಶೇಂಗಾ, ಮೆಣಸಿನಕಾಯಿ ಮಾತಿಗೆ ಅವ್ವ ಒಳಗಿನಿಂದಲೇ ನಕ್ಕಳು. ಮಾಸ್ತರರ ಮಾತನ್ನು ಎರಡು ಸಲ ಓದಿಸಿದರು.

ಆದರೆ ಅವರು ನೆಟ್ಟಗೆ ಎದ್ದು ಕುಳಿತದ್ದು ವೈದ್ಯರು ಬರೆದ ಕುಂಡಲಿನಿ ಬಂದಾಗ. "ಎರಡಕ್ಕೆ ಒಂದು ಪಾಲು ಮೊಸರು, ಮೇಲೆ ಗಡಿಗೆಗೆ ಅರ್ಧ ಸವರುವುದು ಬೇರೆಯೇ?" ಎಂದು ಕೇಳಿದರು. ಹೌದು ಎಂದೆ. "ಬಿಸಿಲಿಗೆ ಇಡು ಎಂದಿದ್ದಾರೆಯೇ?" ಹೌದು ಎಂದೆ. ಸ್ವಲ್ಪ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿ, "ಬರೆದವರು ತಂಪು ಸೀಮೆಯವರು. ಅಷ್ಟು ಮೊಸರು ಹಾಕಿ ಕಲಬುರಗಿ ಬಿಸಿಲಿಗೆ ಇಟ್ಟರೆ ಮಧ್ಯಾಹ್ನದೊಳಗೆ ಗಡಿಗೆಯ ಬಾಯಿಂದ ಉಕ್ಕಿ ಹೊರಗೆ ಬರುತ್ತದೆ. ನೆರಳಿನಲ್ಲಿ ಇಡಬೇಕು. ತುಪ್ಪ ಹಾಕುವುದು ಒಳ್ಳೆಯ ಉಪಾಯ, ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದರು.

ಬೆಳಿಗ್ಗೆ ಎದ್ದು ನೋಡಿದರೆ ಕುಂಬಾರರ ಮನೆಗೆ ಹೋಗಿ ಹೊಸ ಗಡಿಗೆ ತಂದಿದ್ದರು. ಅದು ಈಗ ನೀರಿನಲ್ಲಿ ನೆನೆಯುತ್ತಿದೆ. ಶನಿವಾರ ರಾತ್ರಿ ಕಲಸುತ್ತಾರಂತೆ. ಭಾನುವಾರ ಆ ಗಡಿಗೆಯ ಜಿಲೇಬಿ ಒಂದು ಕಡಾಯಿ, ನಮ್ಮ ಎಂದಿನದು ಒಂದು ಕಡಾಯಿ.

ಅಪ್ಪನ ಕೆರೆ (ಕಲಬುರಗಿ)

ಎಷ್ಟು ಗಂಟೆಗೆ ಬರಬೇಕು ಅಕ್ಕಾ?

ಮಿಠಾಯಿ ಮನೆಯ ಮಗಳು (ಕಲಬುರಗಿ)

ಬೆಳಿಗ್ಗೆ ಏಳಕ್ಕೆ ಬನ್ನಿ ಅಣ್ಣಾ. ಗಡಿಗೆ ಚಿಕ್ಕದು, ಎಂಟರ ಮೇಲೆ ಉಳಿಯುವುದಿಲ್ಲ.